ಪಾಕ ನೋಡುವ ಕೈ ಬೆಸುಗೆ ಕಲಿತದ್ದು

ಮಳವಳ್ಳಿಯಲ್ಲಿ ನನ್ನ ಮೊದಲ ದಿನದ ಕೆಲಸವನ್ನು ಒಬ್ಬ ಹಿರಿಯರು ಮೂಸಿ ನೋಡಿದರು. ಸ್ಟೀಲಿನ ಎರಡು ತುಂಡುಗಳನ್ನು ಬೆಸೆದು ಆರಲು ಬಿಟ್ಟಿದ್ದೆ. ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಆ ಮನುಷ್ಯ ಬಗ್ಗಿ, ಮೂಗು ಹತ್ತಿರ ತಂದು, ಬೆಸುಗೆಯ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಸೀದೋಗದೆ ಕಣಮ್ಮ ಇದು" ಅಂದರು. ಒಲೆಯ ಮೇಲಿಟ್ಟು ಮರೆತ ಸಾರಿನ ಬಗ್ಗೆ ಹೇಳುವ ಹಾಗಿತ್ತು ದನಿ. ಏಳು ವರ್ಷ ವೆಲ್ಡಿಂಗ್ ಮಾಡಿದವಳು ನಾನು. ನನಗೆ ಮೈಯೆಲ್ಲ ಉರಿಯಿತು. ಇನ್ನೂ ಉರಿಸಿದ ಸಂಗತಿಯೆಂದರೆ, ಅವರು ಹೇಳಿದ್ದು ಸರಿಯಾಗಿತ್ತು.

ನಾನು ಸೇಡಂ ಹತ್ತಿರದ ಹಳ್ಳಿಯವಳು. ಐಟಿಐ ಮುಗಿಸಿ ಅಣ್ಣನ ಅಂಗಡಿಯಲ್ಲಿ ಗೇಟು, ಕಿಟಕಿಯ ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೈಲರ್ ಬೆಸೆಯುತ್ತಿದ್ದೆ. ಮದುವೆಯಾದ ಮೇಲೆ ನಮ್ಮ ಮನೆಯವರಿಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹಾಗಾಗಿ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದು ಬ್ಲಫಿನಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಬ್ಲಫ್ ಅಂದರೆ ಕೇಂದ್ರದ ನೌಕರರೇ ಹೆಚ್ಚಾಗಿರುವ ಸಣ್ಣ ಊರು. ನಮ್ಮ ಮನೆಯವರು ಶಿಫ್ಟಿಗೆ ಹೋದರೆ ನನಗೆ ಮಾತಿಗೆ ಗೋಡೆಯೇ ಗತಿ. ನಮ್ಮೂರಲ್ಲಿ ಬೇಸಿಗೆಯಲ್ಲಿ ಹಂಡೆಯ ನೀರನ್ನು ಅಳೆದು ಬಳಸುತ್ತಿದ್ದೆ. ಇಲ್ಲಿ ನಲ್ಲಿ ತಿರುಗಿಸಿ ಮರೆತರೂ ಯಾರೂ ಬೈಯುವವರಿರಲಿಲ್ಲ. ಮೊದಲ ವಾರ ಅದಕ್ಕೇ ಅಳು ಬಂತು ಅಂದರೆ ನೀವು ನಗುತ್ತೀರಿ, ನಗಿ. ಬೈಯುವವರಿಲ್ಲದ ಮನೆ ಮನೆಯ ಹಾಗೆ ಅನ್ನಿಸುವುದಿಲ್ಲ.

ಊಟದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಸೋತೆ. ಮುದ್ದೆಯನ್ನು ರೊಟ್ಟಿ ಅಗಿದ ಹಾಗೆ ಅಗಿದೆ. ಪಕ್ಕದ ಮನೆಯ ಅಜ್ಜಿ ಕೈ ಹಿಡಿದು, "ನುಂಗ್ಬೇಕು ಕಣವ್ವ, ಅದೇನು ಎಲೆ ಅಡಿಕೆನಾ?" ಎಂದರು. ಜೋಳದ ಹಿಟ್ಟು ಹುಡುಕಿಕೊಂಡು ಮಳವಳ್ಳಿಯ ಅಂಗಡಿಗಳನ್ನೆಲ್ಲ ಸುತ್ತುವಾಗಲೇ ನನಗೆ ಆ ವರ್ಕ್‌ಶಾಪು ಕಣ್ಣಿಗೆ ಬಿದ್ದದ್ದು. ಹೊರಗೆ ಸ್ಟೀಲಿನ ಕ್ಯಾನು, ಹೋಟೆಲಿನ ಸಿಂಕು, ಒಂದಾಳು ಮಲಗುವಷ್ಟು ದೊಡ್ಡ ಕೊಪ್ಪರಿಗೆ. ಒಳಗೆ ಒಬ್ಬ ಹೆಂಗಸು ಮುಖಕ್ಕೆ ಹೆಲ್ಮೆಟ್ ಹಾಕಿ ಬೆಸೆಯುತ್ತಿದ್ದಳು. ಹಿಟ್ಟು ಮರೆತು ಒಳಗೆ ಹೋದೆ.

ಆಕೆಯ ಹೆಸರು ಸುಜಾತ. ವರ್ಕ್‌ಶಾಪಿನ ಯಜಮಾನಿ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಮೇಜಿನ ಮೇಲೆ ಬುದ್ಧನ ಪುಟ್ಟ ಮೂರ್ತಿ, ಅದರ ಮುಂದೆ ಊದುಬತ್ತಿಯ ಬದಲು ಗ್ಯಾಸು ಅಳೆಯುವ ಒಂದು ಫ್ಲೋಮೀಟರು. "ಟಿಗ್ ಗೊತ್ತಾ?" ಎಂದು ಕೇಳಿದಳು. ಗೊತ್ತು ಅಂದೆ. ಸುಳ್ಳು. ನಮ್ಮೂರಲ್ಲಿ ಮಾಡುತ್ತಿದ್ದುದು ರಾಡ್ ಹಚ್ಚುವ ಹಳೇ ವೆಲ್ಡಿಂಗು. ಅದರಲ್ಲಿ ಕಿಡಿ ಹಾರುತ್ತದೆ, ಹೊಗೆ ಏಳುತ್ತದೆ, ಮುಗಿದ ಮೇಲೆ ಸುತ್ತಿಗೆಯಿಂದ ಕುಟ್ಟಿ ಕಿಟ್ಟ ತೆಗೆಯಬೇಕು. ಟಿಗ್ ಹಾಗಲ್ಲ. ಒಂದು ಕೈಯಲ್ಲಿ ಚೂಪಾದ ಟಂಗ್‌ಸ್ಟನ್ ಕಡ್ಡಿ ಇರುವ ಟಾರ್ಚು, ಇನ್ನೊಂದು ಕೈಯಲ್ಲಿ ತೆಳ್ಳನೆಯ ತಂತಿ. ಕಿಡಿಯಿಲ್ಲ, ಹೊಗೆಯಿಲ್ಲ. ಹೊಲಿಗೆ ಹಾಕಿದಷ್ಟು ಮೆತ್ತಗೆ ನಡೆಯುತ್ತದೆ.

ಮೊದಲ ದಿನ ಸುಜಾತ ಒಂದು ತುಂಡು ಕೊಟ್ಟು ಬೆಸೆ ಎಂದಳು. ಮೂಲೆಯಲ್ಲಿ ಎರಡು ಸಿಲಿಂಡರ್ ಇದ್ದವು. ಒಂದರಲ್ಲಿ ಶುದ್ಧ ಆರ್ಗಾನ್. ಇನ್ನೊಂದರಲ್ಲಿ ಆರ್ಗಾನಿಗೆ ಇಂಗಾಲದ ಡೈ ಆಕ್ಸೈಡ್ ಬೆರೆಸಿದ್ದು, ತಂತಿ ತಾನೇ ಬರುವ ಬೇರೆ ಮಷಿನಿಗೆ ಅಂತ ಇಟ್ಟದ್ದು. ಬೆರೆಸಿದ್ದೇ ಗಟ್ಟಿ ಮಾಲು ಇರಬೇಕು, ಮಸಾಲೆ ಹಾಕಿದ ಪಲ್ಯ ಸಪ್ಪೆ ಪಲ್ಯಕ್ಕಿಂತ ಮೇಲಲ್ಲವೇ ಅಂದುಕೊಂಡು ಅದನ್ನೇ ಜೋಡಿಸಿದೆ. ಸಾಲದೆಂದು ಗ್ಯಾಸನ್ನು ಧಾರಾಳವಾಗಿ ಬಿಟ್ಟೆ. ಟಂಗ್‌ಸ್ಟನ್ನಿನ ತುದಿ ಕರಗಿ ಗಂಟಾಯಿತು. ಗೆರೆ ಕಪ್ಪಗೆ, ತರಿತರಿಯಾಗಿ ಬಂತು. ಆಗಲೇ ಆ ಹಿರಿಯರು ಬಂದು ಮೂಸಿದ್ದು.

ಸುಜಾತ ನಗಲಿಲ್ಲ. "ಆರ್ಗಾನ್ ಯಾರ ಜೊತೇನೂ ಸೇರದ ಗ್ಯಾಸು ನೋಡು," ಅಂದಳು. "ಕರಗಿದ ಸ್ಟೀಲಿನ ಸುತ್ತ ನಿಂತು ಗಾಳಿನ ಹತ್ರ ಬಿಡಲ್ಲ. ಅದರದು ಕಾವಲು ಕೆಲಸ ಅಷ್ಟೇ. ಬೆರಕೆ ಗ್ಯಾಸು ಆ ಬಿಸಿಗೆ ಒಡೆದು ಅದೇ ಸ್ಟೀಲನ್ನ ಸುಡ್ತದೆ. ಟಿಗ್‌ಗೆ ಶುದ್ಧ ಆರ್ಗಾನೇ." ಧಾರಾಳವೂ ತಪ್ಪಂತೆ. ನಿಮಿಷಕ್ಕೆ ಎಂಟರಿಂದ ಹತ್ತು ಲೀಟರ್ ಸಾಕು. ಜಾಸ್ತಿ ಬಿಟ್ಟರೆ ಗ್ಯಾಸು ಸುಳಿ ತಿರುಗಿ ಹೊರಗಿನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಬೆಸೆಯುವ ಜಾಗಕ್ಕೆ ನೇರವಾಗಿ ಫ್ಯಾನು ಇರಬಾರದು. ಬೆಳಕು ಆರಿದ ತಕ್ಷಣ ಟಾರ್ಚು ಎತ್ತಬಾರದು, ಗೆರೆ ಆರುವವರೆಗೆ ಗ್ಯಾಸು ಅದರ ಮೇಲೆ ಹರಿಯಬೇಕು. ನನಗೆ ಅದುವರೆಗೆ ಅವಸರವೇ ಜಾಣತನ ಎಂದು ಗೊತ್ತಿತ್ತು. ಕೆಲಸ ಮುಗಿದ ಮೇಲೂ ಸುಮ್ಮನೆ ಟಾರ್ಚು ಹಿಡಿದು ನಿಲ್ಲುವುದನ್ನು ಕಲಿಯಲು ಒಂದು ತಿಂಗಳು ಬೇಕಾಯಿತು.

ಕಿಡಿ ಇಲ್ಲ ಎಂದು ಮೈಮರೆತದ್ದಕ್ಕೆ ಇನ್ನೊಂದು ಪಾಠವೂ ಆಯಿತು. ಮೂರನೇ ದಿನ ಕೊರಳು ಕೆಂಪಾಗಿ ಉರಿಯತೊಡಗಿತು, ಚೂಡಿದಾರದ ಕೊರಳಿನ ಆಕಾರದಲ್ಲೇ. ಇಡೀ ದಿನ ಬಿಸಿಲಲ್ಲಿ ತೊಗರಿ ಕೊಯ್ದರೂ ನನ್ನ ಕೊರಳು ಹಾಗೆ ಸುಟ್ಟಿರಲಿಲ್ಲ. ಆ ಬೆಳಕೇ ಚರ್ಮ ಸುಡುತ್ತದೆ, ಸ್ಟೀಲು ಅದನ್ನು ಕನ್ನಡಿಯ ಹಾಗೆ ಎಗರಿಸಿ ಗಲ್ಲದ ಕೆಳಗೂ ಹಾಯಿಸುತ್ತದೆ ಎಂದು ಸುಜಾತ ವಿವರಿಸಿದಳು. ತನ್ನ ದಪ್ಪ ಹತ್ತಿಯ ಅಂಗಿಯನ್ನು ತಂದುಕೊಟ್ಟು, ನನ್ನ ನೈಲಾನ್ ವೇಲನ್ನು ಕಿತ್ತು ಮೊಳೆಗೆ ನೇತುಹಾಕಿದಳು. ನೈಲಾನು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ, ಹತ್ತಿ ಅಂಟುವುದಿಲ್ಲ. ಹೆಲ್ಮೆಟ್ಟಿನ ಕೆಳಗೆ ಕೊರಳು ಮುಚ್ಚುವ ಚರ್ಮದ ತುಂಡೊಂದನ್ನು ಅವಳೇ ಹೊಲಿದುಕೊಟ್ಟಳು. ಈ ಊರಿನವರ ಪ್ರೀತಿ ಇಂಥದ್ದು ಎಂದು ನನಗೆ ಗೊತ್ತಾದದ್ದು ಆಗ. ಬಾಯಿ ಬಿರುಸು, ಕೈ ಮೆತ್ತಗೆ.

ಮೂಸಿದ ಹಿರಿಯರ ಹೆಸರು ಮರಿಗೌಡರು. ಊರು ಕಿರುಗಾವಲು. ನಾವು ಗಾಣದ ಮನೆ ಅನ್ನುವುದಕ್ಕೆ ಇಲ್ಲಿ ಆಲೆಮನೆ ಅನ್ನುತ್ತಾರೆ. ಕಬ್ಬು ಅರೆದು, ಹಾಲು ಕುದಿಸಿ, ಬೆಲ್ಲ ಮಾಡುವ ಜಾಗ. ಮರಿಗೌಡರು ನಲವತ್ತು ವರ್ಷದಿಂದ ಆಲೆಮನೆಗಳಲ್ಲಿ ಪಾಕ ನೋಡುವವರು. ಕುದಿಯುವ ಕೊಪ್ಪರಿಗೆಯನ್ನು ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕು ಎಂದು ಅವರು ಹೇಳಬೇಕು. ಒಂದು ಗಳಿಗೆ ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಅವರು ನೀರಲ್ಲಿ ಬೆರಳು ಅದ್ದಿ, ಕೋಲಿಗೆ ಅಂಟಿದ ಕುದಿಪಾಕವನ್ನು ಚಿವುಟಿ, ಮತ್ತೆ ನೀರಿಗೆ ಹಾಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿ ಹೇಳುತ್ತಾರೆ. ಎರಡು ಬೆರಳಲ್ಲಿ ಅವರ ಬದುಕು ನಿಂತಿದೆ ಅಂದರೆ ಅತಿಶಯವಲ್ಲ.

ಆಲೆಮನೆಯವರು ಹಳೇ ಕಬ್ಬಿಣದ ಕೊಪ್ಪರಿಗೆ ತೆಗೆದು ಸ್ಟೀಲಿನದು ಹಾಕಿಸಿದ್ದರು. ಅದು ಬಿರುಕು ಬಿಟ್ಟಾಗಲೆಲ್ಲ ಮಳವಳ್ಳಿಗೆ ಸಾಗಿಸಬೇಕು, ಅಷ್ಟರಲ್ಲಿ ಕಡಿದ ಕಬ್ಬು ಒಣಗುತ್ತದೆ. ಕೆಲಸ ನಿಂತಿರುವ ತಿಂಗಳುಗಳಲ್ಲಿ ಬೆಸುಗೆಯನ್ನು ತಾನೇ ಕಲಿತುಬಿಡುತ್ತೇನೆ ಎಂದು ಮರಿಗೌಡರು ಹೊರಟಿದ್ದರು, ಅರವತ್ತರ ಮೇಲೆ. ಸುಜಾತ ಅವರನ್ನು ನನ್ನ ಪಕ್ಕಕ್ಕೇ ಕೂರಿಸಿದಳು. ನಾನು ನಮ್ಮ ಕಡೆಯ ರೂಢಿಯಂತೆ "ಕಾಕಾ" ಎಂದು ಕರೆದೆ. "ಅದೇನಮ್ಮ ಕಾಗೆ ಕೂಗ್ದಂಗೆ?" ಎಂದರು. ನಮ್ಮಲ್ಲಿ ಚಿಕ್ಕಪ್ಪನಿಗೆ ಹಾಗನ್ನುತ್ತೇವೆ ಎಂದೆ. "ಅಂಗಾದ್ರೆ ಕೂಗು ಬುಡು" ಅಂದರು.

ಅವರು ನನಗಿಂತ ಬೇಗ ಕಲಿತರು. ಇದನ್ನು ಬರೆಯುವಾಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಗ್ಯಾಸಿನ ಕಾವಲು ಸರಿಯಿದ್ದರೆ ಸ್ಟೀಲಿನ ಗೆರೆ ಹೊಂಬಣ್ಣಕ್ಕೆ ಬರುತ್ತದೆ. ಬಿಸಿ ಜಾಸ್ತಿಯಾದರೆ ನೇರಳೆ, ನೀಲಿ. ಕೆಟ್ಟರೆ ಬೂದು, ಕಪ್ಪು. ನಾನು ಅದನ್ನು ಪಾಠದ ಹಾಗೆ ಬಾಯಿಪಾಠ ಮಾಡುತ್ತಿದ್ದೆ. ಮರಿಗೌಡರು ಬಣ್ಣ ತಿರುಗುವ ಮೊದಲೇ ಅದರ ವಾಸನೆ ಹಿಡಿದವರಂತೆ ಕೈ ಮುಂದೆ ಸರಿಸುತ್ತಿದ್ದರು. ಗೆರೆಯ ಹಿಂಬದಿ ಯಾಕೆ ತರಿತರಿ ಬರುತ್ತದೆ ಎಂದು ಅವರೇ ಕೇಳಿದರು. ಹಿಂಬದಿಗೆ ಗ್ಯಾಸಿನ ಕಾವಲು ಇಲ್ಲವಲ್ಲ, ಅಲ್ಲಿಗೂ ಆರ್ಗಾನ್ ಬಿಡಬೇಕು ಎಂದು ಸುಜಾತ ಹೇಳಿದಳು. "ಸರಿ ಮತ್ತೆ. ಮೇಲೆ ನೋಡ್ಕಂಡು ತಳ ಮರೆತ್ರೆ ಬೆಲ್ಲನೂ ಇಂಗೇ ಆಗ್ತದೆ," ಎಂದು ಮರಿಗೌಡರು ಮೂಲೆಯಿಂದ ಕೊಳವೆ ಎಳೆದು ತಂದರು.

ಆದರೆ ಕೈಯ ಅಭ್ಯಾಸ ಬೇರೆ ಇತ್ತು. ಯಾವುದನ್ನಾದರೂ ಮುಟ್ಟುವ ಮೊದಲು ಅವರ ಕೈ ತಾನೇ ನೀರಿನ ಬಕೆಟ್ಟಿಗೆ ಹೋಗುತ್ತಿತ್ತು. ಅದ್ದಿ, ಝಾಡಿಸಿ, ಆಮೇಲೆ ಮುಟ್ಟುವುದು. ಬೆಸೆದ ಸ್ಟೀಲು ಕೆಂಪಗೆ ಕಾಣುವುದಿಲ್ಲ, ತಣ್ಣಗಿರುವಂತೆಯೇ ಇದ್ದು ಬಹಳ ಹೊತ್ತು ಕಾದಿರುತ್ತದೆ. ಅದಕ್ಕೇ ಬೆಸೆದದ್ದರ ಮೇಲೆ ಸೀಮೆಸುಣ್ಣದಲ್ಲಿ 'ಬಿಸಿ' ಎಂದು ಬರೆಯಬೇಕು, ಅಂಗೈಯ ಹಿಂಬದಿಯನ್ನು ದೂರದಿಂದ ಹಿಡಿದು ಕಾವು ನೋಡಬೇಕು, ಮುಟ್ಟಬಾರದು ಎಂಬುದು ವರ್ಕ್‌ಶಾಪಿನ ಕಟ್ಟಳೆ. ಒಂದು ದಿನ ನಾನು ಹೇಳಿದೆ, "ಕಾಕಾ, ತೋಯ್ದ ಕೈಲೆ ಟಾರ್ಚ್ ಹಿಡೀಬ್ಯಾಡ್ರಿ. ಕರೆಂಟ್ ಹೊಡೀತದ. ಕೈಗವಸು ತೋಯ್ದಿದ್ರ ಬಿಸಿ ಇನ್ನಾ ಜಲ್ದಿ ಒಳಗ ಬರ್ತದ."

ಅವರು ನಕ್ಕರು. "ನಲವತ್ತು ವರ್ಸ ಕುದಿಪಾಕ್ದಲ್ಲಿ ಕೈ ಆಡ್ಸಿವ್ನಿ ಕಣಮ್ಮ. ನೀರಲ್ಲಿ ಅದ್ದಿದ ಕೈಯ ಬೆಂಕಿ ಮುಟ್ಟಾಕಿಲ್ಲ. ನಿಮ್ಮೂರಲ್ಲಿ ನೀರೇ ಇಲ್ಲ, ನಿಂಗೇನು ಗೊತ್ತು?"

ತಮಾಷೆಗೆ ಅಂದದ್ದು. ನನಗೆ ಚುಚ್ಚಿತು. ಹೌದಪ್ಪ, ನಮ್ಮೂರಲ್ಲಿ ನೀರಿಲ್ಲ, ಬುದ್ಧಿಯೂ ಇಲ್ಲ, ಎಂದು ಮನಸ್ಸಿನಲ್ಲೇ ಬೈದು ಸುಮ್ಮನಾದೆ. ಆಮೇಲೂ ಅವರು ಕೈಗವಸನ್ನು ಬಕೆಟ್ಟಿಗೆ ಅದ್ದುವುದನ್ನು ನಾಲ್ಕೈದು ಸಲ ನೋಡಿದೆ. ಹೊರಗಿನವಳು, ಅದರಲ್ಲೂ ಹೆಂಗಸು, ಅರವತ್ತು ದಾಟಿದ ಗೌಡರಿಗೆ ಎರಡನೇ ಸಲ ಹೇಗೆ ಹೇಳುವುದು ಎಂದು ಮುಖ ತಿರುಗಿಸಿದೆ. ಸುಜಾತಳಿಗೂ ಹೇಳಲಿಲ್ಲ.

ಆ ದಿನ ಸುಜಾತ ಸಿಲಿಂಡರ್ ತರಲು ಮದ್ದೂರಿಗೆ ಹೋಗಿದ್ದಳು. ಮಧ್ಯಾಹ್ನದ ಊಟಕ್ಕೆ ಮೊದಲು ಮರಿಗೌಡರು ಕೊಪ್ಪರಿಗೆಯ ಅಂಚಿಗೆ ಮೊಳದುದ್ದ ಗೆರೆ ಎಳೆದರು. ಅಷ್ಟು ಚೆಂದದ ಹೊಂಬಣ್ಣ ನಾನು ಅದುವರೆಗೆ ತೆಗೆದಿರಲಿಲ್ಲ. ಅವರಿಗೂ ಖುಷಿಯಾಗಿತ್ತು. ತಳದ ಕಡೆ ಹೇಗೆ ಬಂದಿದೆ ನೋಡೋಣ ಎಂದು ಕೈಗವಸನ್ನು ಬಕೆಟ್ಟಿಗೆ ಅದ್ದಿ, ಆ ಗೆರೆಯ ಮೇಲೇ ಗಟ್ಟಿಯಾಗಿ ಹಿಡಿದು ಅಂಚನ್ನು ಎತ್ತಿದರು. ಚುಂಯ್ ಎಂದಿತು. ಒದ್ದೆ ಗವಸಿನೊಳಗಿನ ನೀರು ಆವಿಯಾಗಿ ಬೆರಳನ್ನು ಬೇಯಿಸಿತು. ಅವರು ಕೂಗಲಿಲ್ಲ. "ಆಯ್" ಅಂದರು ಅಷ್ಟೇ, ಮುಖ ಬೂದಿಯಾಯಿತು.

ನಾನು ಅವರ ತೋಳು ಹಿಡಿದು ಎಳೆದುಕೊಂಡು ಹೋಗಿ ಹಿತ್ತಲಿನ ನಲ್ಲಿಯ ಕೆಳಗೆ ಇಟ್ಟೆ. ನೀರು ಹರಿಯುತ್ತಿರುವಾಗಲೇ ಕೈಗವಸು ಬಿಚ್ಚಿದೆ. ಬೆರಳಲ್ಲಿ ಬೆಳ್ಳಿ ಉಂಗುರವಿತ್ತು. ಊದಿಕೊಳ್ಳುವ ಮೊದಲು ಅದನ್ನೂ ತಿರುಗಿಸಿ ತೆಗೆದೆ. ಪಕ್ಕದ ಟೀ ಅಂಗಡಿಯವನು ಟೂತ್‌ಪೇಸ್ಟ್ ಹಿಡಿದು ಓಡಿಬಂದ. ಅವನ ಹೆಂಡತಿ ದೋಸೆ ಹಿಟ್ಟಿನ ಪಾತ್ರೆಯನ್ನೇ ತಂದಳು. "ಇದ ಆಕ್ಬುಡು, ತಂಪಾಯ್ತದೆ" ಎಂದು ಇಬ್ಬರೂ ಒಟ್ಟಿಗೆ ಶುರುಮಾಡಿದರು. ಮರಿಗೌಡರು ಸಾಕು ಬುಡಮ್ಮ ಎಂದು ಕೈ ಎಳೆದುಕೊಳ್ಳಲು ನೋಡಿದರು.

ಅಷ್ಟು ದಿನ ನುಂಗಿಕೊಂಡಿದ್ದ ನನ್ನೂರಿನ ದನಿ ಆಗ ಹೊರಗೆ ಬಂತು. "ಏನೂ ಹಚ್ಚಬ್ಯಾಡ್ರಿ. ಒಬ್ಬರೂ ಮುಟ್ಟಬ್ಯಾಡ್ರಿ. ಕಾಕಾ, ಕೈ ಕದಲಿಸಿದ್ರ ನೋಡ್ರಿ ಮತ್ತ. ಇಪ್ಪತ್ತು ನಿಮಿಷ ನೀರಾಗೇ ಇರಬೇಕು." ಐಟಿಐಯಲ್ಲಿ ಹೇಳಿಕೊಟ್ಟದ್ದು ಅದು: ತಣ್ಣೀರು, ಹರಿಯುವ ನೀರು, ಇಪ್ಪತ್ತು ನಿಮಿಷ, ಐಸು ಬೇಡ, ಬೇರೇನೂ ಬೇಡ. ಅದನ್ನು ಕೇಳಿದಾಗ ನಮ್ಮ ತರಗತಿಯೆಲ್ಲ ನಕ್ಕಿತ್ತು. ನಮ್ಮ ಕಡೆ ಇಪ್ಪತ್ತು ನಿಮಿಷ ನಲ್ಲಿ ಬಿಟ್ಟವರ ಕೈ ಉಳಿದರೂ ಬೆನ್ನು ಉಳಿಯುವುದಿಲ್ಲ. ಇಲ್ಲಿ ಕಾವೇರಿಯ ನೀರು ಧಾರಾಳವಾಗಿ ಹರಿಯಿತು. ನಾನು ಅವರ ಮಣಿಕಟ್ಟು ಹಿಡಿದು ಬಾಗಿಲಿನಾಚೆ ಕಾಣುವ ಗೋಡೆಯ ಗಡಿಯಾರ ನೋಡುತ್ತ ನಿಂತೆ. ದೋಸೆ ಹಿಟ್ಟಿನವಳು ಪಾತ್ರೆ ಕೆಳಗಿಟ್ಟು, ಏನು ಮಾಡಬೇಕೆಂದು ತಿಳಿಯದೆ, ಮರಿಗೌಡರ ಬೆನ್ನು ಸವರುತ್ತ ನಿಂತಳು. ಆಮೇಲೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೊಬ್ಬೆ ಎದ್ದಿದ್ದವು. ಅವನ್ನು ಒಡೆಯಬೇಡಿ, ನೀರಲ್ಲಿ ಹಿಡಿದದ್ದು ಒಳ್ಳೇದಾಯಿತು, ಬೆರಳು ಉಳಿಯುತ್ತವೆ ಎಂದರು ಡಾಕ್ಟರು. ಮುಟ್ಟಿದ್ದರ ಅರಿವು ಎಷ್ಟು ಉಳಿಯುತ್ತದೆ ಎಂದು ಮಾತ್ರ ಈಗ ಹೇಳಲಾಗದು ಎಂದರು.

ಎಲ್ಲರೂ ನನ್ನನ್ನು ಹೊಗಳಿದರು. ಸುಜಾತ ಒಬ್ಬಳು ಹೊಗಳಲಿಲ್ಲ. "ಗವಸು ಅದ್ದೋದನ್ನ ಮೊದಲೇ ನೋಡಿದ್ಯಾ?" ಎಂದು ಕೇಳಿದಳು. ನೋಡಿದ್ದೆ ಎಂದೆ. "ಮತ್ಯಾಕೆ ನಂಗೆ ಹೇಳ್ಲಿಲ್ಲ?" ಹೊರಗಿನವಳು, ಹೇಗೆ ಹೇಳಲಿ ಅನ್ನಿಸಿತು ಎಂದೆ. "ನಾನು ಈ ಊರಲ್ಲೇ ಹುಟ್ಟಿದೋಳು ಕಣೇ. ಗೌಡ್ರಿಗೆ ಹೇಳೋಕೆ ನಂಗೂ ಒಂದು ಕಾಲದಲ್ಲಿ ಹಂಗೇ ಅನ್ನಿಸ್ತಿತ್ತು. ಆದ್ರೂ ಹೇಳ್ತೀನಿ. ಆ ನೆಪ ಇಟ್ಕಂಡು ನಾಳೆ ಒಳಗೆ ಬರ್ಬೇಡ." ನಾನು ಬಸ್ಸಿನಲ್ಲಿ ಬ್ಲಫಿನವರೆಗೂ ಅತ್ತೆ. ಮಾರನೆಯ ದಿನ ನೆಪ ಬಿಟ್ಟು ಹೋದೆ. ಇವತ್ತಿಗೂ ಆ ಹೆಂಗಸಿನಷ್ಟು ನೇರವಾದ ಮನುಷ್ಯರನ್ನು ನಾನು ಕಂಡಿಲ್ಲ.

ಮರಿಗೌಡರ ಗಾಯ ಮಾಗಿತು. ಚರ್ಮ ಹೊಸದಾಗಿ, ನುಣ್ಣಗೆ ಬಂತು. ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಎಡಗೈಗೆ ಆ ವಿದ್ಯೆಯಿರಲಿಲ್ಲ. ಆಲೆಮನೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ವರ್ಕ್‌ಶಾಪಿನ ಮುಂದೆ ಮೊಪೆಡ್ ನಿಲ್ಲಿಸಿ, "ನಡಿಯಮ್ಮ, ಕಿರುಗಾವಲಿಗೆ. ನಿನ್ ಕೈ ಬೇಕು" ಎಂದರು. ನನ್ನ ಮೇಲೆ ಸಿಟ್ಟಿದ್ದಿದ್ದರೆ ಈ ಮಾತು ಹೀಗೆ ಬರುತ್ತಿರಲಿಲ್ಲ. ನನ್ನ ತಪ್ಪಿನ ಬಗ್ಗೆ ಅವರು ಒಂದು ದಿನವೂ ಒಂದು ಮಾತೂ ಆಡಿದವರಲ್ಲ.

ಆಲೆಮನೆಯಲ್ಲಿ ನಾವು ಬೆಸೆದ ಕೊಪ್ಪರಿಗೆಯೇ ಒಲೆಯ ಮೇಲಿತ್ತು. ನೊರೆ ಉಕ್ಕಿ, ಇಳಿದು, ಪಾಕ ದಪ್ಪಗೆ ಗುಳುಗುಳು ಅನ್ನುತ್ತಿತ್ತು. ಮರಿಗೌಡರು ಬಣ್ಣ ನೋಡುತ್ತ ನಿಂತರು. "ಬೆರಳು ಅದ್ದು. ಚಿವುಟು. ಮತ್ತೆ ಅದ್ದು. ತಡ ಮಾಡ್ಬೇಡ." ಒದ್ದೆ ಕೈ ಎಂದರೆ ಬೆಚ್ಚಿಬೀಳುವ ಸ್ಥಿತಿಯಲ್ಲಿದ್ದೆ ನಾನು. "ಸ್ಟೀಲಿಗೆ ಒಣಗಿದ ಕೈ, ಪಾಕಕ್ಕೆ ಒದ್ದೆ ಕೈ. ನಂಗೆ ನೀನು ಅದ ಕಲಿಸ್ದೆ, ನಿಂಗೆ ನಾನು ಇದ ಕಲುಸ್ತೀನಿ" ಎಂದರು. ಅದ್ದಿದೆ, ಚಿವುಟಿದೆ, ಅದ್ದಿದೆ. "ಎಂಗದೆ?" ಎಂದರು. ಅವರ ಮಾತಿನಲ್ಲಿ ಅದಕ್ಕೆ ಏನನ್ನುತ್ತಾರೋ ಗೊತ್ತಿಲ್ಲದೆ, "ನಮ್ಮವ್ವ ಕಣಕ ನಾದಿ ಎಣ್ಣಿ ಹಚ್ಚಿ ಇಟ್ಟಾಂಗ ಅದರಿ" ಎಂದೆ. ಇನ್ನೊಂದು ಗಳಿಗೆ ಎಂದರು. ಎರಡನೇ ಸಲ, "ಬಾರೆಹಣ್ಣಿನ ತಿರುಳಿನಾಂಗ" ಎಂದೆ, ಇಲ್ಲಿಯವರು ಎಲಚಿ ಅನ್ನುವ ಹಣ್ಣು. ಇನ್ನೂ ನಿಲ್ಲು ಎಂದರು. ಮೂರನೇ ಸಲ ಬೆರಳ ನಡುವೆ ಅದು ಗುಂಡಗೆ ನಿಂತು ಜಾರಿತು. "ಹೆಸರಿನುಂಡಿ ಕಟ್ಟಬಹುದ್ರಿ ಕಾಕಾ" ಎಂದೆ. "ಇಳಿಸ್ರಲಾ" ಎಂದು ಅವರು ಕೂಗಿದರು. ಆ ಬೆಲ್ಲ ಅಚ್ಚಿನಲ್ಲಿ ನಿಂತಿತು. ನನಗೆ ಆ ದಿನ ಆದಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಈಗ ಎರಡು ವರ್ಷವಾಯಿತು. ಮರಿಗೌಡರ ಹೆಬ್ಬೆರಳಿಗೆ ಅರಿವು ಮರಳಿದೆ, ತೋರುಬೆರಳಿಗೆ ಇಲ್ಲ, ಬರುವುದಿಲ್ಲವಂತೆ. ಅವರು ಒಣ ಕೈಗವಸು ಹಾಕಿ ಹೊಂಬಣ್ಣದ ಗೆರೆ ಎಳೆಯುತ್ತಾರೆ. ವಾರದಲ್ಲಿ ಎರಡು ದಿನ ನಾನು ಅವರ ತೋರುಬೆರಳಾಗಿ ಕಿರುಗಾವಲಿಗೆ ಹೋಗುತ್ತೇನೆ.

ಕಳೆದ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅವ್ವ ಶೇಂಗಾ ಉಂಡಿಗೆ ಬೆಲ್ಲದ ಆಣ ಕಾಯಿಸುತ್ತಿದ್ದಳು. ನಾವು ಆಣ ಅನ್ನುವುದನ್ನೇ ಇಲ್ಲಿ ಪಾಕ ಅನ್ನುವುದು. ಅವ್ವ ಬಟ್ಟಲಲ್ಲಿ ನೀರಿಟ್ಟುಕೊಂಡು ಸೌಟಿನಿಂದ ಹನಿ ಬಿಟ್ಟು ನೋಡುತ್ತಿದ್ದಳು. ನಾನು ಮಾತಾಡುತ್ತ ಮಾತಾಡುತ್ತ ಬೆರಳು ತೋಯಿಸಿ, ಕುದಿಯುತ್ತಿದ್ದ ಆಣವನ್ನು ಸೌಟಿನಿಂದಲೇ ಚಿವುಟಿ ಉರುಳಿಸಿದೆ. ಅವ್ವ ಗಾಬರಿಯಿಂದ ನನ್ನ ಕೈ ಕಸಿದುಕೊಂಡು ಬೆಳಕಿಗೆ ಹಿಡಿದಳು. ಸುಟ್ಟಿರಲಿಲ್ಲ. ಆದರೂ ಬಿಡಲಿಲ್ಲ. ಅಣ್ಣನ ಅಂಗಡಿಯ ಕಿಡಿ ಸಿಡಿದ ಹಳೇ ಕಲೆಗಳು ಅವಳಿಗೆ ಗೊತ್ತಿದ್ದವು, ಅವಕ್ಕೆಲ್ಲ ಅವಳೇ ಎಣ್ಣೆ ಹಚ್ಚಿದ್ದಳು. ದಡ್ಡುಗಟ್ಟಿದ ಬೆರಳ ತುದಿಗಳು ಅವಳಿಗೆ ಗೊತ್ತಿರಲಿಲ್ಲ. ಒಂದೊಂದನ್ನೇ ತನ್ನ ಬೆರಳಿನಿಂದ ಒತ್ತಿ ನೋಡಿದಳು.

"ಇದರಾಗ ನಮ್ಮದು ಎಷ್ಟು ಉಳದದವ್ವಾ?" ಎಂದು ಕೇಳಿದಳು.

ಒಲೆಯ ಮೇಲೆ ಆಣ ಗಟ್ಟಿಯಾಗುತ್ತಿತ್ತು. ಇಳಿಸು ಎಂದೆ. ಅವ್ವ ಒಂದೇ ಕೈಯಲ್ಲಿ ಇಳಿಸಿದಳು, ಇನ್ನೊಂದು ಕೈಯಲ್ಲಿ ನನ್ನ ಕೈ ಹಾಗೇ ಇತ್ತು.